ದೂರದ ಯಹೂದಿಗಳ ಕಷ್ಟಕ್ಕೆ ಬ್ರಿಟಿಷ್ ಜನ ಏನಂದ್ರು: ಎಂಎ ಹಿಸ್ಟರಿ ಪ್ರಾಜೆಕ್ಟ್ ಮಾಡೋದು ಹೇಗೆ

ಹಾಸನದಲ್ಲಿ ಕೂತ್ಕೊಂಡು ಲಂಡನ್ ಜನರ ಮನಸ್ಸಲ್ಲಿ ಏನಿತ್ತು ಅಂತ ಹೆಂಗೆ ಹುಡುಕೋದು ಸಾರ್ ಅಂತ ಹೇಮಗಂಗೋತ್ರಿ ಹುಡುಗ್ರು ಕೇಳ್ತಾನೇ ಇರ್ತಾರೆ, ಆಗುತ್ತೆ ಕಣ್ರಪ್ಪ, ಮೊಬೈಲ್ ಒಂದಿದ್ರೆ ಅರ್ಧ ಕೆಲ್ಸ ಆಯ್ತು.

ಮೊದ್ಲು ಟಾಪಿಕ್ ಚಿಕ್ಕದು ಮಾಡ್ಕೊಳ್ಳಿ. 1840ರಲ್ಲಿ ಡಮಾಸ್ಕಸ್ ಯಹೂದಿಗಳ ಮೇಲೆ ಸುಳ್ಳು ಕೊಲೆ ಆರೋಪ ಹೊರಿಸಿದ ಪ್ರಕರಣದಿಂದ ಹಿಟ್ಲರ್ ತನಕ ಎಲ್ಲಾ ಬಾಚ್ಕೊಳೋಕೆ ಹೋದ್ರೆ ಮುಗಿಯಲ್ಲ. 1881ರಿಂದ 1905, ಆಮೇಲೆ 1938ರಿಂದ 1943, ಇಷ್ಟು ಸಾಕು.

ಆಮೇಲೆ ನೋಟ್‌ಬುಕ್ಕಲ್ಲಿ ಪೇಜಿನ ಮಧ್ಯಕ್ಕೊಂದು ಗೆರೆ ಎಳೀರಿ. ಎಡಕ್ಕೆ ದೂರದಲ್ಲಿರೋ ಯಹೂದಿಗಳ ಬಗ್ಗೆ ಏನಂದ್ರು, ಬಲಕ್ಕೆ ಲಂಡನ್ನಿಗೇ ಬಂದು ಇಳಿದವರ ಬಗ್ಗೆ ಏನಂದ್ರು. ಎರಡನ್ನೂ ಕಲಸಿದ್ರೆ ಬ್ರಿಟಿಷರು ಒಳ್ಳೆಯವ್ರಾ ಕೆಟ್ಟವ್ರಾ ಅನ್ನೋ ಬೋರಿಂಗ್ ಜಗಳಕ್ಕೆ ಬಂದು ನಿಲ್ಲುತ್ತೆ. ಉತ್ತರ ಕರ್ನಾಟಕದಲ್ಲಿ ನೆರೆ ಬಂದ್ರೆ ನಮ್ಮೂರಿಂದ ಅಕ್ಕಿ, ಕಂಬಳಿ ಲಾರಿಗಟ್ಲೆ ಕಳಿಸ್ತೀವಿ, ಅದೇ ಜನ ಬಾಡಿಗೆ ಮನೆ ಕೇಳ್ಕೊಂಡು ಬಂದ್ರೆ ಎಷ್ಟು ಜನ ಬಾಗಿಲು ತೆಗೀತಾರೆ, ಅದೇ ಕಥೆ.

ಎಡಕ್ಕೆ ಮೊದ್ಲು ಬರ್ಕೊಳ್ಳಿ: ರಷ್ಯಾದಲ್ಲಿ 1881ರಲ್ಲಿ ಯಹೂದಿಗಳ ಮೇಲೆ ದೊಂಬಿ ಶುರುವಾಯ್ತು, 1882ರ ಜನವರಿಯಲ್ಲಿ ಟೈಮ್ಸ್ ಪತ್ರಿಕೆ ಉದ್ದುದ್ದ ವರದಿ ಹಾಕ್ತು, ಫೆಬ್ರವರಿ 1ಕ್ಕೆ ಲಂಡನ್ ಮೇಯರ್ ಮನೆ ಮ್ಯಾನ್ಷನ್ ಹೌಸಲ್ಲೇ ಖಂಡನಾ ಸಭೆ, ಇಂಗ್ಲೆಂಡಿನ ಕ್ಯಾಥೊಲಿಕ್ ಚರ್ಚಿನ ಮುಖಂಡ ಕಾರ್ಡಿನಲ್ ಮ್ಯಾನಿಂಗ್ ಥರದವ್ರು ಎದ್ದು ಮಾತಾಡಿದ್ರು, ಪರಿಹಾರ ನಿಧಿಗೆ 1 ಲಕ್ಷ ಪೌಂಡ್‌ಗೂ ಮೇಲೆ ಬಂತು. ಈಗ ಬಲಕ್ಕೆ: 1890ರ ದಶಕದಲ್ಲಿ ಕಾರ್ಮಿಕ ಸಂಘಗಳ ಕಾಂಗ್ರೆಸ್ಸೇ ಹೊರಗಿನವರನ್ನ ತಡೀರಿ ಅಂತ ನಿರ್ಣಯ ಮಾಡ್ತು, 1901ರಲ್ಲಿ ಲಂಡನ್ನಿನ ಬಡವರ ಏರಿಯಾ ಈಸ್ಟ್ ಎಂಡಲ್ಲಿ ವಲಸಿಗರ ವಿರೋಧಿ ಸಂಘಟನೆ ಬ್ರಿಟಿಷ್ ಬ್ರದರ್ಸ್ ಲೀಗ್ ಹುಟ್ಕೊಳ್ತು, ಬಾಡಿಗೆ ಏರ್ತು, ಕೂಲಿ ಇಳೀತು ಅನ್ನೋದೇ ದೂರು. 1905ಕ್ಕೆ ಹೊರದೇಶದವರು ಒಳಗೆ ಬರೋದಕ್ಕೆ ಕಡಿವಾಣ ಹಾಕೋ ಏಲಿಯನ್ಸ್ ಆಕ್ಟ್ ಬಂತು. ಮಜಾ ಏನಂದ್ರೆ ಧರ್ಮದ ಕಾರಣಕ್ಕೆ ಕಿರುಕುಳ ತಪ್ಪಿಸ್ಕೊಂಡು ಬಂದವನನ್ನ ಬರೀ ಬಡವ ಅಂತ ವಾಪಸ್ ಕಳಿಸಬಾರದು ಅಂತ ಅದೇ ಕಾಯ್ದೇಲಿ ಬರೆದಿತ್ತು, ಅಂದ್ರೆ ನಿಮ್ಮ ಎರಡೂ ಕಾಲಂ ಒಂದೇ ಕಾನೂನಲ್ಲಿ ಸಿಗುತ್ತೆ. ಇದನ್ನ ಬಿಡಲೇಬೇಡಿ.

ಸೋರ್ಸ್‌ಗೆ ಬರೋಣ. ಬ್ರಿಟಿಷ್ ಪಾರ್ಲಿಮೆಂಟ್ ಚರ್ಚೆಗಳ ಅಧಿಕೃತ ದಾಖಲೆ ಹ್ಯಾನ್ಸಾರ್ಡ್ ಆನ್‌ಲೈನ್ ಪುಕ್ಕಟೆ. ಬ್ರಿಟಿಷ್ ಹಳೇ ಪತ್ರಿಕೆಗಳ ಆರ್ಕೈವ್‌ಗೆ ದುಡ್ಡು ಕೊಡ್ಬೇಕು, ಅದ್ರ ಬದ್ಲು ಆಸ್ಟ್ರೇಲಿಯಾದ ಹಳೇ ಪತ್ರಿಕೆಗಳು ಸಿಗೋ ಟ್ರೋವ್ ವೆಬ್‌ಸೈಟ್ ನೋಡಿ, ಲಂಡನ್ ಸುದ್ದಿ ತಂತಿ ಮೂಲಕ ಅಲ್ಲಿನ ಪೇಪರ್‌ಗಳಿಗೆ ಹೋಗ್ತಿತ್ತು, ಅದೆಲ್ಲಾ ಫ್ರೀ. ಹುಡುಕುವಾಗ ಹೋಲೋಕಾಸ್ಟ್ ಅಂತ ಹಾಕಿದ್ರೆ ಬೇಕಾದ್ದು ಸಿಗಲ್ಲ, ಈ ಅರ್ಥದಲ್ಲಿ ಆ ಪದ ಆಗ ಬಳಕೇಲಿ ಇರ್ಲಿಲ್ಲ, ಪರ್ಸಿಕ್ಯೂಷನ್ ಆಫ್ ಜ್ಯೂಸ್ ಅಂತ ಹಾಕಿ, ವರ್ಷನೂ ಫಿಲ್ಟರ್ ಮಾಡಿ. ಸಕಲೇಶಪುರ ಕಡೆಯವರು ಮಳೆಗಾಲದಲ್ಲಿ ನೆಟ್‌ವರ್ಕ್ ನಂಬ್ಕೋಬೇಡಿ, ಸಿಕ್ಕಿದ್ದನ್ನ ಆಗಲೇ ಡೌನ್‌ಲೋಡ್ ಮಾಡ್ಕೊಳ್ಳಿ.

ಹ್ಯಾನ್ಸಾರ್ಡಲ್ಲಿ 1938ರ ನವೆಂಬರ್ 21 ತೆಗೀರಿ. ಜರ್ಮನಿಯಲ್ಲಿ ಯಹೂದಿಗಳ ಅಂಗಡಿ ಒಡೆದು, ಸಿನಗಾಗ್ ಅಂದ್ರೆ ಅವರ ಪ್ರಾರ್ಥನಾ ಮಂದಿರ ಸುಟ್ಟು ಎರಡು ವಾರನೂ ಆಗಿಲ್ಲ. ಲೇಬರ್ ಎಂಪಿ ಫಿಲಿಪ್ ನೋಯಲ್-ಬೇಕರ್ ಒಂದೊಂದೇ ದೌರ್ಜನ್ಯ ಹೇಳ್ತಾರೆ, ಗೃಹಮಂತ್ರಿ ಸ್ಯಾಮ್ಯುಯೆಲ್ ಹೋರ್ ಅನುಕಂಪದ ಜೊತೆಗೇ ಹೊರಗಿನವರು ಜಾಸ್ತಿ ಬಂದ್ರೆ ನಮ್ಮ ಜನರಲ್ಲೇ ಅನುಮಾನ ಎದ್ದೀತು ಅಂತ ಎಚ್ಚರಿಸ್ತಾರೆ. ನಾಜಿಗಳ ಕೈಯಿಂದ ಮಕ್ಕಳನ್ನ ಬ್ರಿಟನ್ನಿಗೆ ಕರ್ಕೊಂಡು ಬರೋ ಕಿಂಡರ್‌ಟ್ರಾನ್ಸ್‌ಪೋರ್ಟ್ ಯೋಜನೇಲಿ ಸುಮಾರು 10,000 ಮಕ್ಕಳು ಬಂದ್ರು, ಅಪ್ಪ ಅಮ್ಮನಿಗೆ ಜೊತೇಲಿ ಬರೋ ಅವಕಾಶ ಇರ್ಲಿಲ್ಲ.

ಆಮೇಲೆ 1942ರ ಡಿಸೆಂಬರ್ 17, ವಿದೇಶಾಂಗ ಮಂತ್ರಿ ಈಡನ್ ನಾಜಿಗಳು ಮಾಡ್ತಿದ್ದ ಯಹೂದಿಗಳ ಕೊಲೆಗಳ ಬಗ್ಗೆ ಹೇಳಿಕೆ ಓದಿದ ಮೇಲೆ ಸದನ ಎದ್ದು ಮೌನವಾಗಿ ನಿಂತ್ಕೊಳ್ತು. ಅದನ್ನಷ್ಟೇ ಬರೆದು ನಿಲ್ಲಿಸ್ಬೇಡಿ, ನಿರಾಶ್ರಿತರ ಬಗ್ಗೆ ಬ್ರಿಟನ್, ಅಮೆರಿಕ ಸೇರಿ ನಡೆಸಿದ 1943ರ ಏಪ್ರಿಲ್‌ನ ಬರ್ಮುಡಾ ಸಮ್ಮೇಳನದಿಂದ ಹೇಳ್ಕೊಳೋ ಅಂಥದ್ದೇನೂ ಬರ್ಲಿಲ್ಲ ಅನ್ನೋದು ಪಕ್ಕದಲ್ಲೇ ಇರ್ಲಿ, ಎಂಪಿ ಎಲೀನರ್ ರಾಥ್‌ಬೋನ್ ಸರ್ಕಾರದ ಬೆನ್ನು ಬಿಡದೆ ಕೇಳ್ತಿದ್ದ ಪ್ರಶ್ನೆಗಳೂ ಇರ್ಲಿ.

ಒಂದು ಮಾತು, ಮಂತ್ರಿ ಹೇಳಿದ್ದೆಲ್ಲಾ ಜನಾಭಿಪ್ರಾಯ ಅಲ್ಲ. ವೈವಾದಲ್ಲಿ ಹಿಡಿಯೋದೇ ಅಲ್ಲಿ. ಸಂಪಾದಕರಿಗೆ ಬಂದ ಪತ್ರಗಳು, ಚಂದಾ ಪಟ್ಟಿ, 1937ರಲ್ಲಿ ಶುರುವಾದ, ಜನರ ದಿನನಿತ್ಯದ ಬದುಕು ದಾಖಲಿಸ್ತಿದ್ದ ಮಾಸ್ ಅಬ್ಸರ್ವೇಷನ್ ಸಂಸ್ಥೆಗೆ ಸಾಮಾನ್ಯ ಜನ ಬರೆದು ಕಳಿಸಿದ ಡೈರಿಗಳು, ಇದ್ರಲ್ಲಿ ಒಂದಾದ್ರೂ ಕೈಯಲ್ಲಿ ಇಟ್ಕೊಂಡು ಒಳಗೆ ಹೋಗಿ.