ಡಬ್ಬಿಯ ಬೀಟ್‌ರೂಟೋ, ಹಸಿ ಗೆಡ್ಡೆಯೋ: ಅಮೆರಿಕಕ್ಕೆ ಹೊಸದಾಗಿ ಬಂದವರಿಗೆ

ಇಲ್ಲಿನ ಅಂಗಡಿಗಳಲ್ಲಿ ಹೆಚ್ಚಿ ಬೇಯಿಸಿಟ್ಟ ಬೀಟ್‌ರೂಟ್, ಕ್ಯಾರೆಟ್ ಡಬ್ಬಿಗಳು ಸಾಲುಸಾಲಾಗಿ ಸಿಗುತ್ತವೆ. ಕೆಲಸ ಮುಗಿಸಿ ಸುಸ್ತಾಗಿ ಬಂದವರಿಗೆ ದೊಡ್ಡ ಅನುಕೂಲ. ಕೊಳ್ಳಲೇಬೇಡಿ ಅನ್ನುವುದಿಲ್ಲ. ಆದರೆ ದಿನದ ಪಲ್ಯಕ್ಕೆ ಹಸಿ ಗೆಡ್ಡೆಯನ್ನೇ ತನ್ನಿ, ಡಬ್ಬಿ ಆಪತ್ಕಾಲಕ್ಕಿರಲಿ.

ಬೀಟ್‌ರೂಟನ್ನೇ ನೋಡಿ. ಅಮೆರಿಕದ ಕೃಷಿ ಇಲಾಖೆಯ ಲೆಕ್ಕದಂತೆ 100 ಗ್ರಾಂ ಹಸಿ ಬೀಟ್‌ರೂಟಿನಲ್ಲಿ ಸುಮಾರು 109 ಮೈಕ್ರೋಗ್ರಾಂ ಫೋಲೇಟ್ (ಬಿ ಗುಂಪಿನ ಒಂದು ವಿಟಮಿನ್), 325 ಮಿಲಿಗ್ರಾಂ ಪೊಟ್ಯಾಸಿಯಂ ಇರುತ್ತದೆ. ನೀರು ಬಸಿದ ಡಬ್ಬಿಯ ಬೀಟ್‌ರೂಟಿನಲ್ಲಿ ಫೋಲೇಟ್ 30ರ, ಪೊಟ್ಯಾಸಿಯಂ 150ರ ಆಸುಪಾಸಿಗೆ ಇಳಿದಿರುತ್ತದೆ. ಉಪ್ಪಿನಲ್ಲಿರುವ ಸೋಡಿಯಂ ಮಾತ್ರ 78 ಮಿಲಿಗ್ರಾಂನಿಂದ 190ರ ಮೇಲೇರುತ್ತದೆ. ಹೇಗೂ ಬೇಯಿಸಿಯೇ ತಿನ್ನುವುದಲ್ಲವೇ ಎಂದು ನೀವು ಕೇಳಬಹುದು. ಮನೆಯಲ್ಲಿ ಬೇಯಿಸಿದರೆ ಫೋಲೇಟ್ 80ರಷ್ಟಾದರೂ ಉಳಿಯುತ್ತದೆ. ಡಬ್ಬಿಯದು ಜೋರು ಶಾಖದಲ್ಲಿ ಬೆಂದು, ಆಮೇಲೆ ಉಪ್ಪುನೀರಿನಲ್ಲೇ ಕೂತಿರುತ್ತದೆ. ಸತ್ವ ಆ ನೀರಿಗೆ ಇಳಿಯುತ್ತದೆ, ನೀರನ್ನು ನಾವು ಸಿಂಕಿಗೆ ಚೆಲ್ಲುತ್ತೇವೆ. ಬಸುರಿಯರಿರುವ ಮನೆಯಲ್ಲಂತೂ ಫೋಲೇಟನ್ನು ಹೀಗೆ ಕಳೆದುಕೊಳ್ಳಬಾರದು.

ಕ್ಯಾರೆಟ್ಟಿನದು ಸ್ವಲ್ಪ ಬೇರೆ ಕಥೆ. ಅದರ ಬೀಟಾ ಕ್ಯಾರೋಟಿನ್ (ಮೈಯಲ್ಲಿ ಎ ವಿಟಮಿನ್ ಆಗುವ ಕಿತ್ತಳೆ ಬಣ್ಣದ ಅಂಶ) ನೀರಿನಲ್ಲಿ ಕರಗುವುದಿಲ್ಲ, ಹಾಗಾಗಿ ಡಬ್ಬಿಯಲ್ಲೂ ಬಹುಪಾಲು ಉಳಿದಿರುತ್ತದೆ. ಬೆಂದ ಕ್ಯಾರೆಟ್ಟಿಗೆ ಎಣ್ಣೆಯ ಒಗ್ಗರಣೆ ಬಿದ್ದರೆ ಮೈಗೆ ಇನ್ನೂ ಚೆನ್ನಾಗಿ ಹತ್ತುತ್ತದೆ. ಆದರೆ ನಾರಿನಂಶ ಅರ್ಧದಷ್ಟಾಗಿರುತ್ತದೆ, ಸೋಡಿಯಂ 69 ಇದ್ದದ್ದು 240ಕ್ಕೆ ಮುಟ್ಟಿರುತ್ತದೆ. ಕೋಸಂಬರಿಗೆ ಡಬ್ಬಿಯ ಕ್ಯಾರೆಟ್ ಆಗುವುದೇ ಇಲ್ಲ, ಮೆತ್ತಗಾಗಿರುತ್ತದೆ.

ಡಬ್ಬಿಯನ್ನೇ ಕೊಳ್ಳುವಾಗ ‘ನೋ ಸಾಲ್ಟ್ ಆಡೆಡ್’ ಎಂದಿರುವುದನ್ನು ಹುಡುಕಿ. ಹಿಂಬದಿಯ ಚೀಟಿಯಲ್ಲಿ ಸೋಡಿಯಂ ಪಕ್ಕ ದಿನದ ಮಿತಿಯ ಶೇ. 5 ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಒಳ್ಳೆಯದು, ಶೇ. 20 ದಾಟಿದರೆ ಅಲ್ಲೇ ಬಿಡಿ. ಉಪ್ಪಿನ ಡಬ್ಬಿಯೇ ಸಿಕ್ಕಿದರೆ ನೀರು ಬಸಿದು ತೊಳೆಯಿರಿ, ಪಲ್ಯಕ್ಕೆ ಉಪ್ಪು ಹಾಕುವ ಮುಂಚೆ ರುಚಿ ನೋಡಿ. ‘ಪಿಕಲ್ಡ್’ ಬೀಟ್ಸ್ ಬೇಡ: ವಿನೆಗರ್, ಸಕ್ಕರೆ ಹಾಕಿರುತ್ತಾರೆ, ಕಾಯಿತುರಿ ಹಾಕಿದರೂ ಪಲ್ಯ ಕೆಡುತ್ತದೆ. ‘ಯಾಮ್ಸ್’ ಡಬ್ಬಿಯಲ್ಲಿ ಸಾಮಾನ್ಯವಾಗಿ ಇರುವುದು ಸಕ್ಕರೆ ಪಾಕದಲ್ಲಿ ಮುಳುಗಿಸಿದ ಗೆಣಸು, ಸುವರ್ಣಗೆಡ್ಡೆ ಎಂದುಕೊಂಡು ತರಬೇಡಿ.

ಹಸಿ ಬೀಟ್‌ರೂಟನ್ನು ಸೊಪ್ಪಿನ ಸಮೇತ ಕೊಂಡರೆ ಸೊಪ್ಪು ಕತ್ತರಿಸಿ ಬೇರೆ ಇಡಿ. ಅದನ್ನು ಎರಡು ದಿನದೊಳಗೆ ಬೇಳೆಗೆ ಹಾಕಿ ಹುಳಿ ಮಾಡಿ. ಗೆಡ್ಡೆ ಮಾತ್ರ ಫ್ರಿಜ್ಜಿನಲ್ಲಿ ವಾರಗಟ್ಟಲೆ ಕೆಡದೆ ಇರುತ್ತದೆ. ಸಿಪ್ಪೆ ತೆಗೆಯದೆ ಇಡಿಯಾಗಿ ಕುಕ್ಕರಿನಲ್ಲಿ ಬೇಯಿಸಿ, ಉಳಿದ ಕೆಂಪು ನೀರನ್ನು ಸಾರಿಗೆ ಬಳಸಿ. ಹೆಚ್ಚುವಷ್ಟು ಪುರುಸೊತ್ತಿಲ್ಲದ ದಿನಕ್ಕೆ ಫ್ರೋಜನ್ ಕ್ಯಾರೆಟ್ ಡಬ್ಬಿಗಿಂತ ವಾಸಿ, ಸಾಮಾನ್ಯವಾಗಿ ಉಪ್ಪು ಬೆರೆಸಿರುವುದಿಲ್ಲ.

ತೆರೆದು ಬಳಸಿದ ಡಬ್ಬಿಯಲ್ಲಿ ಉಳಿದದ್ದನ್ನು ಗಾಜಿನ ಪಾತ್ರೆಗೆ ಸುರಿದು ಫ್ರಿಜ್ಜಿನಲ್ಲಿಡಿ, ಮೂರು ನಾಲ್ಕು ದಿನದೊಳಗೆ ಮುಗಿಸಿ. ಉಬ್ಬಿದ ಅಥವಾ ಸೋರುವ ಡಬ್ಬಿಯಲ್ಲಿ ಬಾಟ್ಯುಲಿಸಂ ವಿಷ (ಬ್ಯಾಕ್ಟೀರಿಯಾದಿಂದಾಗುವ, ಪ್ರಾಣಕ್ಕೇ ಅಪಾಯ ತರುವ ವಿಷ) ಇರಬಹುದು. ಅದನ್ನು ತೆರೆಯದೆ, ರುಚಿಯನ್ನೂ ನೋಡದೆ ಬಿಸಾಡಿ.