ಆಯಿಲ್ ಕುಡಿಯುತ್ತಿದ್ದ 697ನ್ನು 75 ಸಾವಿರದೊಳಗೆ ಎಬ್ಬಿಸಿದ್ದು

ಪಿಸ್ಟನ್ ರಿಂಗ್ ಹಾಕಿ ಆರು ತಿಂಗಳಾಗುವಷ್ಟರಲ್ಲಿ ಮತ್ತೆ ಬ್ರೀದರಿನಲ್ಲಿ (ಇಂಜಿನ್ನಿನ ಒಳಗಿನ ಗಾಳಿ ಹೊರಹೋಗುವ ಕೊಳವೆ) ಹೊಗೆ, ಮತ್ತೆ ಆಯಿಲ್ ಟಾಪಪ್. ಲಾರಿಯ ಟಾಟಾ 697 ಇಂಜಿನ್ನಿನ ಈ ಕಾಯಿಲೆಗೆ ಬದಿಯಡ್ಕದಿಂದ ಮಂಗಳೂರಿನವರೆಗೆ ಸಿಗುವ ಸಲಹೆ ಎರಡೇ: ಇನ್ನೊಮ್ಮೆ ರಿಂಗ್ ಹಾಕು, ಇಲ್ಲವೇ ಬ್ಲಾಕನ್ನು ಗುಜರಿಗೆ ಕೊಟ್ಟು ಸೆಕೆಂಡ್ ಹ್ಯಾಂಡ್ ಹಾಫ್ ಇಂಜಿನ್ ತಾ. ಹಾಫ್ ಇಂಜಿನ್ (ಕ್ರ್ಯಾಂಕ್, ಪಿಸ್ಟನ್ ಸಮೇತದ ಬ್ಲಾಕ್) ನಾವು ಕೇಳಿದಾಗ ಒಂದೂಕಾಲು ಲಕ್ಷದ ಆಸುಪಾಸು ಇತ್ತು, ಅದರೊಳಗೆ ಏನಿದೆ ಎಂದು ಬಿಚ್ಚಿದ ಮೇಲೆಯೇ ಗೊತ್ತಾಗುವುದು. ಮೂರನೆಯ ದಾರಿಯೊಂದಿದೆ: ಬ್ಲಾಕಿನ ಬೋರನ್ನೇ (ಸಿಲಿಂಡರಿನ ತೂತು) ಕೊರೆದು ಅಗಲ ಮಾಡಿ, ಅದಕ್ಕೆ ಹೊರಮೈ ದಪ್ಪವಿರುವ ಲೈನರ್ (ಪಿಸ್ಟನ್ ಓಡುವ ಒಳಕೊಳವೆ) ಕೂರಿಸುವುದು. ಒಂದು ಲಾರಿಗೆ ನಾವು ಮಾಡಿದ್ದು ಅದನ್ನೇ. ಹೊರಮೈ ಓವರ್‌ಸೈಜ್ ಇರುವ ಲೈನರ್ ಹಾಕಿದ ಬ್ಲಾಕ್ ಮಳೆಗಾಲ ದಾಟುವುದಿಲ್ಲ ಎಂದವರ ಗ್ಯಾರೇಜಿನ ಎದುರಿನಿಂದಲೇ ಆ ಲಾರಿ ಈಗಲೂ ಮುರಕಲ್ಲು ತುಂಬಿಕೊಂಡು ಪೆರ್ಲದ ಕಡೆ ಹತ್ತುತ್ತದೆ.

ಇಂಜಿನ್ ಟರ್ಬೊ ಇಲ್ಲದ್ದು, ಆರು ಸಿಲಿಂಡರ್, ಬೋರ್ 97 ಮಿಲಿಮೀಟರ್, ಸ್ಟ್ರೋಕ್ 128. ಡ್ರೈ ಲೈನರ್. ರೋಗದ ಮೂಲ ಇರುವುದೇ ಈ ಡ್ರೈ ಲೈನರಿನಲ್ಲಿ. ನೀರು ಲೈನರಿಗೆ ತಾಗುವುದಿಲ್ಲ, ಬ್ಲಾಕಿಗೆ ತಾಗುತ್ತದೆ. ಲೈನರಿನ ಬೆನ್ನು ಬ್ಲಾಕ್ ಬೋರಿಗೆ ಪೂರ್ತಿ ಅಂಟಿಕೊಂಡಿದ್ದರೆ ಮಾತ್ರ ಶಾಖ ದಾಟುತ್ತದೆ. ಎರಡು-ಮೂರು ಸಲ ಲೈನರ್ ಬಡಿದು ತೆಗೆದು, ಪ್ರೆಸ್ ಹಾಕಿ ಕೂರಿಸಿದ ಬ್ಲಾಕಿನಲ್ಲಿ ಬೋರ್ ಸವೆದು ಮೊಟ್ಟೆಯಾಗಿರುತ್ತದೆ. ಹೊಸ ಲೈನರ್ ಹಾಕಿ ಹೋನ್ ಮಾಡಿದಾಗ (ಕಲ್ಲಿನಿಂದ ಒಳಮೈ ಉಜ್ಜಿದಾಗ) ಗೇಜಿನಲ್ಲಿ ಸರಿಯಾಗಿಯೇ ಕಾಣುತ್ತದೆ. ಲೋಡಿನಲ್ಲಿ ಬಿಸಿಯಾದಾಗ ಬೆನ್ನಿಗೆ ಆಸರೆ ಇಲ್ಲದ ಜಾಗದಲ್ಲಿ ಲೈನರ್ ಉಬ್ಬಿ ಆಕಾರ ಕೆಡುತ್ತದೆ. ರಿಂಗ್ ಎಷ್ಟೇ ಒಳ್ಳೆಯದಿರಲಿ, ಮೊಟ್ಟೆಯಾದ ತೂತಿಗೆ ದುಂಡು ರಿಂಗ್ ಸೀಲ್ ಆಗುವುದಿಲ್ಲ.

ಇದನ್ನು ಕಣ್ಣಿನಲ್ಲೇ ನೋಡಬಹುದು. ತೆಗೆದ ಲೈನರನ್ನು ಬಿಸಿಲಿಗೆ ತಿರುಗಿಸಿ ಹಿಡಿಯಿರಿ. ಸರಿಯಾಗಿ ಕೂತಿದ್ದ ಲೈನರಿನ ಬೆನ್ನು ಒಂದೇ ಬೂದು ಬಣ್ಣ. ಸಡಿಲವಿದ್ದದ್ದರಲ್ಲಿ ಅಂಗೈ ಅಗಲದ ಕಪ್ಪು ಕಲೆಗಳು, ಅಂಚಿನಲ್ಲಿ ಕಂದು ತುಕ್ಕಿನ ಪುಡಿ. ಉಗುರು ಎಳೆದರೆ ಇಂಗಾಲ ಎದ್ದು ಬರುತ್ತದೆ. ಈ ಬ್ಲಾಕಿನಲ್ಲಿ ನಾಲ್ಕು ಲೈನರುಗಳ ಬೆನ್ನು ಹೀಗೇ ಇತ್ತು. ಡಯಲ್ ಬೋರ್ ಗೇಜ್ ಇಳಿಸಿದರೆ ಬ್ಲಾಕ್ ಬೋರ್ ಮೇಲ್ಭಾಗದಲ್ಲಿ 0.02 ಮಿಲಿಮೀಟರ್ ಹೆಚ್ಚು, ನಡುವೆ ಥ್ರಸ್ಟ್ ಕಡೆಗೆ (ಪಿಸ್ಟನ್ ಒತ್ತುವ ಬದಿ) 0.08-0.09. ಅಂಥ ತೂತಿಗೆ ಸ್ಟಾಂಡರ್ಡ್ ಲೈನರ್ ಎಷ್ಟು ಸಲ ಹಾಕಿದರೂ ದುಡ್ಡು ನೀರಿಗೆ ಹಾಕಿದ ಹಾಗೆ.

ಲೈನರ್ ತೆಗೆಯುವಾಗಲೂ ಬೋರ್ ಹಾಳಾಗುತ್ತದೆ, ಹಾಗಾಗಿ ಸುತ್ತಿಗೆ ಬೇಡ. ಕ್ರ್ಯಾಂಕ್ ಹೊರಗಿರುವಾಗಲೇ ಲೈನರಿನ ಒಳಗೆ ಮೇಲಿಂದ ಕೆಳಗೆ ಎದುರು-ಬದುರಾಗಿ ಎರಡು ಆರ್ಕ್ ವೆಲ್ಡಿಂಗ್ ಗೆರೆ ಎಳೆಯಿರಿ, ಅರ್ತ್ ಕ್ಲಾಂಪ್ ಬ್ಲಾಕಿಗೇ ಹಾಕಿ. ತಣ್ಣಗಾದಾಗ ವೆಲ್ಡ್ ಎಳೆದುಕೊಂಡು ಲೈನರ್ ಕುಗ್ಗುತ್ತದೆ, ಕೈಯಲ್ಲೇ ಮೇಲೆ ಬರುತ್ತದೆ. ಆಂಪಿಯರ್ ಹೆಚ್ಚಿಟ್ಟರೆ ತೂತು ಬಿದ್ದು ಬ್ಲಾಕಿಗೆ ಅಂಟುತ್ತದೆ, ಆಮೇಲೆ ದೇವರೇ ಗತಿ. ರಾಡ್ ಯಾವುದು, ಎಷ್ಟು ಆಂಪಿಯರ್ ಎಂಬುದನ್ನು ಹಳೆ ಲೈನರಿನ ತುಂಡಿನ ಮೇಲೆ ನೀವೇ ನೋಡಿಕೊಳ್ಳಿ.

ಆಮೇಲೆ ಬ್ಲಾಕ್ ಮಂಗಳೂರಿಗೆ. ಬೋರಿಂಗ್ ಮಾಡುವವರಿಗೆ ಎರಡು ಮಾತು ಬರೆದು ಕೊಡಬೇಕು, ಬಾಯಲ್ಲಿ ಹೇಳಿದರೆ ಮರೆಯುತ್ತಾರೆ. ಒಂದು, ಬೋರಿಂಗ್ ಬಾರ್ (ಕೊರೆಯುವ ದಂಡ) ಸೆಂಟರ್ ಮಾಡುವುದು ಬೋರಿನ ತಳದ ಸವೆಯದ ಜಾಗದಲ್ಲಿ. ಸವೆದ ನಡುವಿನಲ್ಲಿ ಹಿಡಿದರೆ ತೂತು ಒಂದು ಬದಿಗೆ ಸರಿಯುತ್ತದೆ. ಎರಡು, ಲೈನರ್ ಮೊದಲು ಕೈಗೆ ಬರಲಿ, ಪ್ರತಿಯೊಂದರ ಹೊರಮೈ ಮೈಕ್ರೋಮೀಟರಿನಲ್ಲಿ ಅಳೆದು ನಂಬರ್ ಹಾಕಿ, ಆಯಾ ಲೈನರಿಗೆ ಆಯಾ ಬೋರ್. ಡಬ್ಬಿ ಮೇಲೆ 0.50 ಓವರ್‌ಸೈಜ್ ಎಂದು ಬರೆದಿದ್ದರೂ ಆರರಲ್ಲಿ ಎರಡು 0.02 ದಪ್ಪ ಇದ್ದವು. ಇಂಟರ್‌ಫಿಯರೆನ್ಸ್ (ಬೋರಿಗಿಂತ ಲೈನರ್ ಎಷ್ಟು ದೊಡ್ಡದು ಎಂಬ ಬಿಗಿ) ನಾವು ಕೇಳಿದ್ದು 0.03ರಿಂದ 0.05. ಹೆಚ್ಚು ಬಿಗಿ ಒಳ್ಳೆಯದು ಎನ್ನುವವರಿದ್ದಾರೆ, 0.10ಕ್ಕೆ ಬಡಿದು ಕೂರಿಸಿದ್ದರಿಂದ ಎರಡು ಬೋರಿನ ನಡುವೆ ಸೀಳಿದ ಬ್ಲಾಕ್ ಗುಜರಿಯಲ್ಲಿ ಬೇಕಾದಷ್ಟು ಸಿಗುತ್ತವೆ.

ಲೈನರ್ ಕೂರಿಸುವುದಕ್ಕೆ ಒಂದು ಪ್ರಯೋಗ. ಎರಕದ ಕಬ್ಬಿಣ ಒಂದು ಡಿಗ್ರಿಗೆ ಮೀಟರಿಗೆ ಸುಮಾರು 11 ಮೈಕ್ರಾನ್ ಕುಗ್ಗುತ್ತದೆ. ನೂರು ಮಿಲಿಮೀಟರ್ ಚಿಲ್ಲರೆ ವ್ಯಾಸದ ಲೈನರನ್ನು 45 ಡಿಗ್ರಿ ತಣ್ಣಗೆ ಮಾಡಿದರೆ 0.05 ಮಿಲಿಮೀಟರ್ ಸಣ್ಣದಾಗಬೇಕು, ಅಂದರೆ ಪ್ರೆಸ್ಸೇ ಬೇಡ. ಕಾಸರಗೋಡಿನ ಕಡಲ ಬದಿಯಲ್ಲಿ ಐಸಿಗೆ ಬರವಿಲ್ಲ. ಮೀನಿಗೆ ಹಾಕುವ ಪುಡಿ ಐಸ್ ಒಂದು ಪೆಟ್ಟಿಗೆ, ಅದಕ್ಕೆ ಮೂರರಲ್ಲಿ ಒಂದು ಪಾಲು ಕಲ್ಲುಪ್ಪು. ಥರ್ಮಾಮೀಟರ್ ಸೊನ್ನೆಗಿಂತ 14-15 ಕೆಳಗೆ ತೋರಿಸಿತು. ಲೈನರ್ ದಪ್ಪ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಇಡಬೇಕು, ಉಪ್ಪುನೀರು ತಾಗಿದರೆ ಕಣ್ಣೆದುರೇ ತುಕ್ಕು. ಎರಡು ತಾಸು ಬಿಟ್ಟು ತೆಗೆದರೆ ಮುಕ್ಕಾಲು ಪಾಲು ಕೈಯಲ್ಲೇ ಇಳಿಯಿತು, ಉಳಿದದ್ದಕ್ಕೆ ಪ್ರೆಸ್ ಸ್ವಲ್ಪ ತಾಗಿಸಿದರೆ ಸಾಕಾಯಿತು. ಕಷ್ಟ ಎಲ್ಲಿ ಅಂದರೆ ನಮ್ಮ ಊರಿನ ತೇವದ ಗಾಳಿಯಲ್ಲಿ ಲೈನರ್ ಹೊರಬಂದ ಕೂಡಲೇ ಬೆವರುತ್ತದೆ, ಆ ನೀರು ಬೆನ್ನಿನಲ್ಲೇ ಸಿಕ್ಕಿಕೊಂಡರೆ ಮುಂದೆ ಅದೇ ತುಕ್ಕು. ಅದಕ್ಕೆ ಚೀಲದೊಳಗೆ ಮೊದಲೇ ಏನು ಸವರಿಡಬೇಕೆಂಬುದು ನಮ್ಮ ಅಂಗಡಿಯ ಗುಟ್ಟು, ಇಲ್ಲಿ ಬರೆಯುವುದಿಲ್ಲ. ನಿಮಗೆ ಪ್ರೆಸ್ ಇದ್ದರೆ ಐಸಿನ ಉಸಾಬರಿಯೇ ಬೇಡ.

ಸೆಮಿಫಿನಿಶ್ (ಒಳಮೈ ಪೂರ್ತಿ ಕೊರೆಯದ) ಲೈನರ್ ಆದ್ದರಿಂದ ಕೂರಿಸಿದ ಮೇಲೆ ಒಳಬೋರ್ ಮತ್ತು ಹೋನ್. ಪಿಸ್ಟನ್ ಆರೂ ಅಳೆದು, ಪ್ರತಿಯೊಂದಕ್ಕೂ ಅದರದೇ ಬೋರ್. ಹೋನಿನ ಗೆರೆಗಳು ಒಂದನ್ನೊಂದು 45ರಿಂದ 60 ಡಿಗ್ರಿಯಲ್ಲಿ ಕತ್ತರಿಸಬೇಕು. ಚಪ್ಪಟೆ ಗೆರೆಯಾದರೆ ಹೋನ್ ಮೇಲೆ-ಕೆಳಗೆ ಓಡಿದ್ದು ನಿಧಾನವಾಯಿತು ಎಂದರ್ಥ. ತೊಳೆಯುವುದು ಎಲ್ಲಕ್ಕಿಂತ ಮುಖ್ಯ. ಡೀಸೆಲ್ಲಿನಲ್ಲಿ ತೊಳೆದರೆ ಹೋನ್ ಕಲ್ಲಿನ ಪುಡಿ ಗೆರೆಯೊಳಗೇ ಉಳಿಯುತ್ತದೆ. ಬಿಸಿ ನೀರು, ಬಟ್ಟೆ ಒಗೆಯುವ ಪುಡಿ, ಬ್ರಶ್; ಬಿಳಿ ಬಟ್ಟೆ ಒರೆಸಿದರೆ ಬಿಳಿಯಾಗಿಯೇ ಬರುವವರೆಗೆ. ಒಣಗಿಸಿದ ತಕ್ಷಣ ಆಯಿಲ್, ಕಾಫಿ ಕುಡಿದು ಬರುವಷ್ಟರಲ್ಲಿ ಕೆಂಪಾಗಿರುತ್ತದೆ.

ಕ್ರ್ಯಾಂಕಿಗೆ ದುಡ್ಡು ಹಾಕಲಿಲ್ಲ. ಎಲ್ಲ ಜರ್ನಲ್ (ಬೇರಿಂಗ್ ಕೂರುವ ಭಾಗ) ಎರಡು ಜಾಗದಲ್ಲಿ, ಅಡ್ಡ-ಉದ್ದ ಅಳೆದಾಗ ಮೊಟ್ಟೆತನ 0.03 ದಾಟಲಿಲ್ಲ, ಎಮರಿ ಪಟ್ಟಿಯಲ್ಲಿ ಪಾಲಿಶ್, ಸ್ಟಾಂಡರ್ಡ್ ಬೇರಿಂಗ್. ಗ್ರೈಂಡ್ ಮಾಡಿಸುವುದಾದರೆ ಜರ್ನಲಿನ ಮೂಲೆಯ ಗುಂಡು ಉಳಿದಿದೆಯೋ ನೋಡಿ. ಚೂಪಾದ ಮೂಲೆ ಬಿಟ್ಟ ಕ್ರ್ಯಾಂಕ್ ಅಲ್ಲಿಂದಲೇ ತುಂಡಾಗುತ್ತದೆ. ಕನೆಕ್ಟಿಂಗ್ ರಾಡ್ ಬೋಲ್ಟ್, ಹೆಡ್ ಗ್ಯಾಸ್ಕೆಟ್, ಬೇರಿಂಗ್ ಈ ಮೂರರಲ್ಲಿ ಲೋಕಲ್ ಮಾಲು ಬೇಡವೇ ಬೇಡ. ವಾಟರ್ ಪಂಪಿಗೆ ಕಿಟ್ ಸಾಕು, ಆಯಿಲ್ ಪಂಪ್ ಗೇರಿನ ಸಂದು ಫೀಲರಿನಲ್ಲಿ ನೋಡಿ ಹಾಗೆಯೇ ಬಿಟ್ಟದ್ದು.

ಹೆಡ್ಡಿನಲ್ಲಿ ವಾಲ್ವ್ ಗೈಡ್, ವಾಲ್ವ್ ಸೀಟ್, ಪ್ರೆಶರ್ ಟೆಸ್ಟ್. ಗ್ರೈಂಡ್ ಮಾಡಿ ಮಾಡಿ ಆಳಕ್ಕೆ ಇಳಿದ ವಾಲ್ವ್ ಕಂಪ್ರೆಶನ್ ತಿನ್ನುತ್ತದೆ, ಅಂಥಲ್ಲಿ ಹೊಸ ಸೀಟೇ ಹಾಕಬೇಕು. ಇಂಜೆಕ್ಟರಿನ ಕೆಳಗೆ ಹಳೆ ತಾಮ್ರದ ವಾಶರ್ ಉಳಿದಿದ್ದು, ಅದರ ಮೇಲೆ ಹೊಸದು ಕೂರಿಸಿದರೆ ನಾಸಲ್ (ಇಂಜೆಕ್ಟರಿನ ತುದಿ) ಮೇಲೆ ಸರಿದು ಕಪ್ಪು ಹೊಗೆ; ಪಂಪ್ ಬಿಚ್ಚುವ ಮೊದಲು ಅಲ್ಲಿ ಟಾರ್ಚ್ ಹಾಕಿ. ಟ್ಯಾಪೆಟ್ ಸಂದು ಇಂಜಿನ್ ತಣ್ಣಗಿರುವಾಗ ಇನ್‌ಲೆಟ್ 0.20, ಎಕ್ಸಾಸ್ಟ್ 0.30. ಫೈರಿಂಗ್ ಆರ್ಡರ್ 1-5-3-6-2-4 ಎಂದು ನಿಮಗೆ ಹೇಳಬೇಕಿಲ್ಲ.

ದುಡ್ಡಿನ ಲೆಕ್ಕ, ನೆನಪಿದ್ದಷ್ಟು. ಲೈನರ್ ಆರಕ್ಕೆ ಐದೂವರೆ ಸಾವಿರ, ಬ್ಲಾಕ್ ಬೋರಿಂಗ್, ಕೂರಿಸುವುದು, ಹೋನ್ ಎಲ್ಲ ಸೇರಿ ಎಂಟು ಸಾವಿರದ ಹತ್ತಿರ. ಪಿಸ್ಟನ್-ರಿಂಗ್ ಹದಿನಾಲ್ಕೂವರೆ. ಬೇರಿಂಗ್, ಗ್ಯಾಸ್ಕೆಟ್ ಸೆಟ್ ಎಂಟೂವರೆ. ಹೆಡ್ ಏಳು, ನಾಸಲ್ ಮತ್ತು ಪಂಪ್ ಕ್ಯಾಲಿಬ್ರೇಶನ್ ಏಳೂವರೆ. ಆಯಿಲ್, ಫಿಲ್ಟರ್ ಏಳು, ಅದರಲ್ಲಿ ಮೊದಲ ಬದಲಾವಣೆಯ ಆಯಿಲೂ ಬಂತು. ಬೋಲ್ಟ್, ಬುಶ್, ಪಾಲಿಶ್ ಮೂರು ಸಾವಿರದ ಮೇಲೆ. ಕೂಲಿ ಹನ್ನೆರಡು. ಒಟ್ಟು 73-74 ಸಾವಿರ. ಇದರಲ್ಲಿ ಓವರ್‌ಸೈಜಿನಿಂದಾಗಿ ಹೆಚ್ಚು ಬಿದ್ದದ್ದು ಬರೀ ನಾಲ್ಕು ಸಾವಿರ. ಆ ನಾಲ್ಕು ಸಾವಿರ ಉಳಿಸಲು ಹೋಗಿಯೇ ಮೊದಲಿನ ಎರಡು ರಿಂಗ್ ಕೆಲಸ ಹಾಳಾದದ್ದು.

ಸ್ಟಾರ್ಟ್ ಮಾಡುವ ಮೊದಲು ಡೀಸೆಲ್ ನಿಲ್ಲಿಸುವ ಸ್ಟಾಪ್ ಎಳೆದು, ಆಯಿಲ್ ಪ್ರೆಶರ್ ಮುಳ್ಳು ಏಳುವವರೆಗೆ ಸೆಲ್ಫ್ ಹೊಡೆಯಿರಿ, ನಡುನಡುವೆ ಸೆಲ್ಫಿಗೆ ವಿಶ್ರಾಂತಿ ಕೊಟ್ಟು. ರನ್ನಿಂಗ್-ಇನ್ ಅಂತ ದಿನಗಟ್ಟಲೆ ಐಡ್ಲಿಂಗಿನಲ್ಲಿ ನಿಲ್ಲಿಸುವ ಪದ್ಧತಿ ನಮ್ಮಲ್ಲಿದೆ. ಅದರಿಂದ ಬೋರ್ ಕನ್ನಡಿಯಾಗುತ್ತದೆ, ರಿಂಗ್ ಕೂರುವುದೇ ಇಲ್ಲ. ಒಮ್ಮೆ ಬಿಸಿಯಾದ ಮೇಲೆ ಟ್ಯಾಪೆಟ್ ನೋಡಿ, ಅರ್ಧ ಲೋಡಿನಲ್ಲಿ ಚೆರ್ಕಳ-ಕಲ್ಲಡ್ಕ ರಸ್ತೆಗೆ ಬಿಟ್ಟದ್ದು. ಏರಿನಲ್ಲಿ ಗಿಯರ್ ಇಳಿಸಿ ಎಳೆಸುವುದು, ಇಳಿಜಾರಿನಲ್ಲಿ ಕಾಲು ಬಿಡುವುದು. ಐನೂರು ಕಿಲೋಮೀಟರಿಗೆ ಆಯಿಲ್ ಬದಲು.

ಇಂಜಿನ್ ಸುಸ್ತಾದದ್ದು ಯಾಕೆ ಎಂಬುದನ್ನೂ ಹುಡುಕಬೇಕು. ಕೋರೆಯ ಕೆಂಪು ಧೂಳು ಹಿಟ್ಟಿನಂತಿರುತ್ತದೆ, ಏರ್ ಕ್ಲೀನರಿನಿಂದ ಮ್ಯಾನಿಫೋಲ್ಡಿಗೆ ಹೋಗುವ ರಬ್ಬರ್ ಹೋಸಿನಲ್ಲಿ ಕೂದಲೆಳೆ ಬಿರುಕಿದ್ದರೂ ಸಾಕು. ಆ ಹೋಸಿನ ಒಳಗೆ ತೆಳ್ಳಗೆ ಗ್ರೀಸ್ ಸವರಿ ಒಂದು ವಾರ ಕೋರೆಗೆ ಓಡಿಸಿ, ಬಿಚ್ಚಿ ಎರಡು ಬೆರಳ ನಡುವೆ ಉಜ್ಜಿ ನೋಡಿ. ಮರಳು ತಾಗಿದರೆ ಏರ್ ಕ್ಲೀನರಿನ ಆಯಿಲ್ ಬಾತ್ ತೊಳೆದು ಪ್ರಯೋಜನವಿಲ್ಲ, ಹೋಸ್ ಮತ್ತು ಕ್ಲಾಂಪ್ ಬದಲಿಸಬೇಕು. ಇನ್ನೂರು-ಮುನ್ನೂರು ರೂಪಾಯಿಯ ಹೋಸ್. ಬ್ರೀದರಿಗೆ ನೀರಿನ ಬಾಟಲಿ ಕಟ್ಟಿ ವಾರಕ್ಕೆ ಎಷ್ಟು ಆಯಿಲ್ ಕೂಡುತ್ತದೆ ಎಂದೂ ನೋಡಿದ್ದುಂಟು. ಮೊದಲು ಕಾಲು ಬಾಟಲಿ, ಈಗ ತಳ ಒದ್ದೆ.

ಈಗ ಆಯಿಲ್ ಬದಲಾವಣೆಗಳ ನಡುವೆ ಒಂದು ಲೀಟರ್ ಕೂಡ ಹಾಕಬೇಕಾಗಿಲ್ಲ, ಮೊದಲು ವಾರಕ್ಕೆ ಮೂರು ಲೀಟರ್ ಹೋಗುತ್ತಿತ್ತು. ಮೈಲೇಜ್ ಲೋಡಿನಲ್ಲಿ ಮೂರೂವರೆಯಿಂದ ನಾಲ್ಕರ ಮೇಲೆ ಬಂದಿದೆ, ಅದರಲ್ಲಿ ನಾಸಲಿನ ಪಾಲೂ ಇದೆ. ಆದರೆ ಹಳೆ ಲೈನರ್ ತೆಗೆದ ಮೇಲೆ ಎರಡು ಬೋರಿನ ನಡುವಿನ ಗೋಡೆಯಲ್ಲಿ ಬಿರುಕು ಕಂಡರೆ, ಅಥವಾ ಬ್ಲಾಕ್ ಆಗಲೇ ಒಮ್ಮೆ ಓವರ್‌ಸೈಜಿಗೆ ಹೋಗಿ ಬಂದದ್ದಾಗಿದ್ದರೆ ಮತ್ತೆ ಬೋರ್ ಮಾಡಿಸಬೇಡಿ. ಆಗ ಹಾಫ್ ಇಂಜಿನ್ನೇ ತನ್ನಿ, ಆದರೆ ಕೊಡುವವನ ಅಂಗಡಿಯಲ್ಲೇ ಸಂಪ್ ಬಿಚ್ಚಿಸಿ ನೋಡಿ ದುಡ್ಡು ಕೊಡಿ.