ಬಿದ್ರಿ ತಟ್ಟೆಯ ಗುಳಿಯನ್ನು ಬೆಳಕಿನಲ್ಲಿ ಅಳೆದದ್ದು

ಬೀದರಿನ ಬಿದ್ರಿ ಉಸ್ತಾದರೊಬ್ಬರ ಮನೆಯಲ್ಲಿ ಅವರ ಮುತ್ಯಾ ಮಾಡಿದ ತಟ್ಟೆಯೊಂದಿದೆ. ಅಂಚಿನ ಬಳ್ಳಿಯಲ್ಲಿ ಒಂದೆಲೆಯ ಬೆಳ್ಳಿ ತಗಡು ಉದುರಿ ಗುಳಿ ಉಳಿದಿದೆ. ಅದೇ ಆಳಕ್ಕೆ ಹೊಸ ತಟ್ಟೆ ಕೊರೆಯಬೇಕೆಂಬುದು ಅವರ ಆಸೆ. ಏನೂ ತಾಗಿಸದೆ ಅಳೆದುಕೊಡುತ್ತೇನೆ ಎಂದು ನಾನು ಒಪ್ಪಿಕೊಂಡೆ.

ಮೊದಲು ಪಟ್ಟೆ ಬೆಳಕಿನ ಸ್ಕ್ಯಾನರ್ ಇಟ್ಟೆ. ಪ್ರೊಜೆಕ್ಟರ್ ಬೀಳಿಸಿದ ಪಟ್ಟೆಗಳು ಎಲ್ಲಿ ಎಷ್ಟು ಬಾಗಿದವೆಂದು ಕ್ಯಾಮೆರಾ ನೋಡಿ ಎತ್ತರ ಲೆಕ್ಕ ಹಾಕುತ್ತದೆ. ಸುಣ್ಣದ ಗೋಡೆಯಂಥ ಮೈಗೆ ಇದರಷ್ಟು ಚುರುಕಾದದ್ದಿಲ್ಲ. ಇಲ್ಲಿ ಸೋತಿತು. ಸತು-ತಾಮ್ರದ ಮೈಗೆ ಕೋಟೆಯ ಮಣ್ಣು, ನವಸಾಗರ ಹಚ್ಚಿ ಬರಿಸಿದ ಕಪ್ಪು ಬೆಳಕನ್ನು ನುಂಗಿತು, ಬೆಳ್ಳಿ ಕಣ್ಣು ಕುಕ್ಕಿತು. ಎಕ್ಸ್‌ಪೋಷರ್ ಏರಿಸಿದರೆ ಬೆಳ್ಳಿಯೆಲ್ಲ ಬಿಳಿ ಕಲೆ, ಇಳಿಸಿದರೆ ಕಪ್ಪಿನಲ್ಲಿ ತೂತು. ಇಂಥಲ್ಲಿ ಬಿಳಿ ಪುಡಿ ಸಿಂಪಡಿಸುವುದು ರೂಢಿ. ಉಸ್ತಾದರು ಕೈ ಅಡ್ಡ ಹಿಡಿದರು: "ಪುಡಿ ಗಿಡಿ ಬ್ಯಾಡ್ರಿ ಸರ್, ಎಣ್ಣಿ ಕುಡದ ಬಣ್ಣ ಅದ."

ಆಮೇಲೆ ಫೋಟೊಗ್ರಾಮೆಟ್ರಿ, ಅಂದರೆ ಹಲವು ಕಡೆಯಿಂದ ತೆಗೆದ ಚಿತ್ರಗಳನ್ನು ಒಂದಕ್ಕೊಂದು ಹೊಂದಿಸಿ ಆಕಾರ ಕಟ್ಟುವುದು. ಫ್ಲ್ಯಾಶಿಗೂ ಲೆನ್ಸಿಗೂ ಪೋಲರೈಸರ್ (ಒಂದೇ ದಿಕ್ಕಿನಲ್ಲಿ ಕಂಪಿಸುವ ಬೆಳಕನ್ನಷ್ಟೇ ಬಿಡುವ ಸೋಸುಗಾಜು) ಒಂದಕ್ಕೊಂದು ಅಡ್ಡಲಾಗಿ ಹಾಕಿದ್ದರಿಂದ ಬೆಳ್ಳಿಯ ಹೊಳಪು ಅಡಗಿತು. ಸುತ್ತ 70 ಚಿತ್ರ, ಅಳತೆಗೆ ಪಕ್ಕದಲ್ಲೊಂದು ಉಕ್ಕಿನ ಸ್ಕೇಲು. ತಟ್ಟೆಯ ಒಟ್ಟು ಆಕಾರ ಚೊಕ್ಕವಾಗಿ ಬಂತು, ಗುಳಿ ಮಾತ್ರ ಮಸುಕು. ಬರೀ ಕಪ್ಪಿನಲ್ಲಿ ಒಂದು ಚಿತ್ರವನ್ನು ಇನ್ನೊಂದಕ್ಕೆ ಹೊಂದಿಸಲು ಗುರುತೇ ಸಿಗುವುದಿಲ್ಲ.

ಕೊನೆಗೆ ಫೋಟೊಮೆಟ್ರಿಕ್ ಸ್ಟೀರಿಯೊ. ರಾಬರ್ಟ್ ವುಡ್‌ಹ್ಯಾಮ್ 1980ರಲ್ಲಿ ವಿವರಿಸಿದ ವಿಧಾನ ಇದು: ಕ್ಯಾಮೆರಾ ಅಲುಗಬಾರದು, ದೀಪ ಮಾತ್ರ ಜಾಗ ಬದಲಿಸಬೇಕು; ಯಾವ ದೀಪಕ್ಕೆ ಒಂದೊಂದು ಬಿಂದು ಎಷ್ಟು ಬೆಳಗಿತೆಂಬುದರಿಂದ ಅಲ್ಲಿನ ಇಳಿಜಾರು ತಿಳಿಯುತ್ತದೆ. 12 ಕಡೆಯಿಂದ ಬೆಳಕು ಬಿಟ್ಟೆ, ಬೆಳ್ಳಿ ಝಗ್ಗೆಂದ ಬಿಂದುಗಳನ್ನು ಲೆಕ್ಕದಿಂದ ತೆಗೆದೆ. ಗುಳಿಯ ತಳದಲ್ಲಿ ಉಳಿಯ ಒಂದೊಂದು ಏಟೂ ಕಂಡಿತು. ಎಷ್ಟು ಹೊತ್ತು ನೋಡಿದೆನೋ! ಆದರೆ ಈ ವಿಧಾನಕ್ಕೆ ಸಿಗುವುದು ಇಳಿಜಾರು, ಎತ್ತರವಲ್ಲ. ಇಳಿಜಾರು ಕೂಡಿಸುತ್ತ ಹೋದಂತೆ ಸಣ್ಣ ತಪ್ಪುಗಳೂ ಕೂಡಿ, ಚಪ್ಪಟೆ ತಳ ಪೂರಿಯ ಹಾಗೆ ಉಬ್ಬಿತ್ತು. ಹಾಗಾಗಿ ಒಟ್ಟು ಆಕಾರವನ್ನು ಫೋಟೊಗ್ರಾಮೆಟ್ರಿಯಿಂದ ಇಟ್ಟುಕೊಂಡು ಸೂಕ್ಷ್ಮವನ್ನಷ್ಟೇ ಇದರಿಂದ ಸೇರಿಸಿದೆ.

ತಾಳೆ ನೋಡಲು ದೀಪವನ್ನು ಸರಿಯಾಗಿ 45 ಡಿಗ್ರಿಗೆ ಹಿಡಿದೆ. ಆಗ ಗುಳಿಯ ಅಂಚು ತಳದ ಮೇಲೆ ಬೀಳಿಸುವ ನೆರಳಿನ ಅಗಲವೇ ಗುಳಿಯ ಆಳ. ನೆರಳು ಹೇಳಿದ ಆಳವೂ ಚಿತ್ರಗಳಿಂದ ಬಂದ ಆಳವೂ ಹೊಂದಿದವು.

ಗುಳಿಯ ಅಡ್ಡಸೀಳನ್ನು ಹತ್ತು ಪಟ್ಟು ಹಿಗ್ಗಿಸಿ ಕಾಗದದ ಮೇಲೆ ಕೊಟ್ಟೆ. ಉಸ್ತಾದರು ಎಡಗೋಡೆಯ ಮೇಲೆ ಉಗುರಿಟ್ಟರು: "ಇಲ್ಲಿ ಮುತ್ಯಾ ಉಳಿ ಓರೆ ಹಿಡದಾರ್ರಿ, ಬೆಳ್ಳಿ ಕಚ್ಚಿ ಕೂಡ್ಲಿ ಅಂತ. ನಿಮ್ಮ ಚಿತ್ರದಾಗ ನೆಟ್ಟಗ ಅದ." ಒಳಸರಿದ ಗೋಡೆ ಮೇಲಿನಿಂದ ನೋಡುವ ಕ್ಯಾಮೆರಾಕ್ಕೆ ಕಾಣುವುದಿಲ್ಲ. ತಟ್ಟೆಯನ್ನು ಓರೆಯಾಗಿಟ್ಟು ಮತ್ತೆ 12 ಚಿತ್ರ ತೆಗೆದೆ.